ಗೆರೆಯಿಲ್ಲದ ಬೆರಳು

ದೊಡ್ಡಕ್ಕನ ಬೆರಳ ತುದಿಗಳಲ್ಲಿ ಗೆರೆಗಳಿರಲಿಲ್ಲ. ಹುಟ್ಟುವಾಗ ಇದ್ದವು. ಬಿಳುಪಿನ ತೊಟ್ಟಿ ತಿಂದುಹಾಕಿತ್ತು.

ತೊಟ್ಟಿಗಳಿದ್ದದ್ದು ಲಾಂಡ್ರಿಯ ಹಿಂದಿನ ಕೋಣೆಯಲ್ಲಿ. ಊರಿನ ಆಸ್ಪತ್ರೆಗಳ ಹಾಸಿಗೆ ಬಟ್ಟೆಯೆಲ್ಲ ಅಲ್ಲಿಗೇ ಬರುತ್ತಿತ್ತು. ರಕ್ತ, ಕೀವು, ವಾಂತಿ, ಹೆರಿಗೆಯ ನೀರು. ಯಂತ್ರ ಒಗೆಯುವುದು ಆಮೇಲೆ. ಮೊದಲು ಕಲೆ ಎಲ್ಲಿದೆಯೆಂದು ಕೈಯಿಂದ ಹುಡುಕಬೇಕು, ಬಿಳುಪಿನ ನೀರಿನಲ್ಲಿ ಅದ್ದಬೇಕು, ಉಜ್ಜಬೇಕು. ಒದ್ದೆ ಬಟ್ಟೆಯಲ್ಲಿ ಕಲೆ ಕಣ್ಣಿಗೆ ಸಿಗುವುದಿಲ್ಲ, ಬೆರಳಿಗೆ ಸಿಗುತ್ತದೆ. ಒಣಗಿದ ರಕ್ತ ನೂಲನ್ನು ಗಟ್ಟಿ ಮಾಡಿರುತ್ತದೆ. ಕಂಪನಿಯವರು ಕೈಗವಸು ಕೊಡುತ್ತಿದ್ದರು. ಅದು ಎರಡು ದಿನಕ್ಕೆ ಹರಿಯುತ್ತಿತ್ತು. ಹರಿದ ಗವಸಿನೊಳಗೆ ನೀರು ನುಗ್ಗಿ ನಿಂತರೆ ಬರಿಗೈಗಿಂತ ಕೇಡು. ಹಾಗಾಗಿ ಎಲ್ಲರೂ ಬರಿಗೈಯಲ್ಲೇ ಇಳಿಯುತ್ತಿದ್ದರು.

ಹೊಸದಾಗಿ ಸೇರಿದವರು ಮೊದಲ ದಿನ ಹೇಳುವ ಮಾತು ಒಂದೇ. ‘ಏನಕ್ಕಾ, ಕೈ ಹಿಂಗೆ ಜಾರತ್ತೆ? ಎಷ್ಟು ತೊಳೆದರೂ ಸೋಪು ಹೋಗ್ತಾನೇ ಇಲ್ಲ.’

ಅದು ಸೋಪಲ್ಲ. ಬಿಳುಪಿನ ನೀರು ಕ್ಷಾರ. ಕ್ಷಾರಕ್ಕೆ ಕೊಬ್ಬು ಸಿಕ್ಕರೆ ಸೋಪಾಗುತ್ತದೆ. ಸೋಪಿನ ಕಾರ್ಖಾನೆಯಲ್ಲಿ ಆಗುವುದೂ ಅದೇ. ಈ ತೊಟ್ಟಿಯಲ್ಲಿ ಅದಕ್ಕೆ ಸಿಗುವ ಕೊಬ್ಬು ಕೆಲಸದವಳ ಚರ್ಮದ್ದು. ಜಾರುತ್ತಿರುವುದು ಅವಳೇ.

ಗೆರೆ ಹೋದ ಬೆರಳಿಗೆ ಹಿಡಿತವಿಲ್ಲ. ದೊಡ್ಡಕ್ಕನಿಗೆ ಪುಸ್ತಕದ ಹಾಳೆ ಮಗುಚಲು ಬರುತ್ತಿರಲಿಲ್ಲ. ನೀರಿನ ಲೋಟ ಎರಡೂ ಕೈಯಲ್ಲಿ ಹಿಡಿಯಬೇಕಿತ್ತು. ಬೆರಳಿಟ್ಟರೆ ತೆರೆಯುವ ಫೋನು ಅವಳಿಗೆ ತೆರೆಯುತ್ತಿರಲಿಲ್ಲ. ಮಗಳು ನಗುತ್ತಿದ್ದಳು. ‘ಅಮ್ಮಾ, ನಿನ್ನ ಫೋನೇ ನಿನ್ನನ್ನ ಕಳ್ಳಿ ಅಂತಿದೆ ನೋಡು.’ ಅಮ್ಮನೂ ನಗುತ್ತಿದ್ದಳು. ಆ ನಗು ಈಚೆಗೆ ನಿಂತುಹೋಗಿತ್ತು.

ಯಾಕೆಂದರೆ ಹೊಸ ನಿಯಮ ಬಂದಿತ್ತು. ಹೊರನಾಡಿನಿಂದ ಬಂದು ದುಡಿಯುವವರೆಲ್ಲ ಪ್ರತಿ ವರ್ಷ ವಲಸೆ ಕಚೇರಿಗೆ ಹೋಗಿ ಪರವಾನಗಿ ನವೀಕರಿಸಿಕೊಳ್ಳಬೇಕು. ಅದು ಹಳೆಯದೇ. ಮೊದಲು ಫೋಟೋ ಸಾಕಿತ್ತು. ಈಗ ಹತ್ತೂ ಬೆರಳನ್ನು ಗಾಜಿನ ಮೇಲೆ ಒತ್ತಬೇಕು. ಗುರುತು ಸಿಕ್ಕರೆ ಹಸಿರು ದೀಪ, ಸಿಗದಿದ್ದರೆ ಕೆಂಪು. ಕೆಂಪು ಬಂದವರು ಗುರುತು ಮರೆಸಲು ತಮ್ಮ ಬೆರಳನ್ನು ತಾವೇ ಹಾಳುಮಾಡಿಕೊಂಡವರು. ನಿಯಮದಲ್ಲಿ ಹಾಗೇ ಬರೆದಿತ್ತು. ಅಲ್ಲ ಅನ್ನುವುದಾದರೆ ಬೆರಳಿನವರೇ ಸಾಬೀತು ಮಾಡಬೇಕು.

ಲಾಂಡ್ರಿಯಲ್ಲಿ ಮೊದಲು ಸಿಕ್ಕಿಬಿದ್ದವಳು ಪುಟ್ಟಿ. ದೊಡ್ಡಕ್ಕನ ಪಕ್ಕದ ತೊಟ್ಟಿಯವಳು, ವಯಸ್ಸಿನಲ್ಲಿ ಎಲ್ಲರಿಗಿಂತ ಚಿಕ್ಕವಳು. ನವೀಕರಣದ ಹಿಂದಿನ ದಿನ ಊಟದ ಹೊತ್ತಿನಲ್ಲಿ ಅಳುತ್ತ ಕೂತಿದ್ದಳು. ಮೇಸ್ತ್ರಿ ಅತ್ತ ಕಡೆಯಿಂದ ಹಾದುಹೋದ. ಅವನೂ ಇವರೆಲ್ಲರ ಹಾಗೆ ಕಪ್ಪು ಬಣ್ಣದ ಹೊರನಾಡಿನವನೇ, ಮೂವತ್ತು ವರ್ಷ ಮೊದಲು ಬಂದಿದ್ದ, ಅಷ್ಟೇ.

‘ಅಳೋದ್ಯಾಕೆ? ಅವರಿಗೆ ಬೇಕಾಗಿರೋದು ಗೆರೆ ತಾನೇ? ಬ್ಲೇಡ್ ತಗೊಂಡು ನಾಲ್ಕು ಎಳ್ಕೊಂಡು ಹೋಗು.’

ಎಲ್ಲರೂ ನಕ್ಕರು. ಪುಟ್ಟಿಯೂ ಮೂಗು ಒರೆಸಿಕೊಂಡು ನಕ್ಕಳು. ಆಮೇಲೆ ಪಾಯಿಖಾನೆಗೆ ಹೋಗಿ ಚಿಲಕ ಹಾಕಿಕೊಂಡು ಹತ್ತೂ ಬೆರಳಿಗೆ ಗೆರೆ ಎಳೆದುಕೊಂಡಳು. ಬಳಸಿ ಬಳಸಿ, ಸುತ್ತು ಸುತ್ತಾಗಿ, ಬೇರೆಯವರ ಬೆರಳಲ್ಲಿ ನೋಡಿದ್ದ ಹಾಗೆ. ಮರುದಿನ ಗಾಜಿನ ಮೇಲೆ ರಕ್ತದ ಹತ್ತು ಮುದ್ರೆ ಬಿತ್ತು. ಅಲ್ಲೇ ತಪ್ಪೊಪ್ಪಿಗೆಗೆ ಹೆಬ್ಬೆಟ್ಟು ಒತ್ತಿಸಿಕೊಂಡು ಅವಳನ್ನು ತಂಗುಮನೆಗೆ ಕಳಿಸಿದರು. ಅದಕ್ಕೆ ಅವರಿಟ್ಟಿದ್ದ ಹೆಸರು ಅದು, ತಂಗುಮನೆ. ಎಲ್ಲಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ತಂಗಿದವರು ಯಾರೂ ತಿರುಗಿ ಬಂದು ಹೇಳಿರಲಿಲ್ಲ.

ಮೇಸ್ತ್ರಿ ಅಂದಿನಿಂದ ಜೋಕು ಹೇಳುವುದನ್ನು ಬಿಟ್ಟ.

ಬೂದು ಚೀಲಗಳು ಹೆಚ್ಚಾದದ್ದು ಅದೇ ಸುಮಾರಿಗೆ. ಆಸ್ಪತ್ರೆಯ ಚೀಲಗಳ ಮೇಲೆ ಹೆಸರಿರುತ್ತಿತ್ತು. ಬೂದು ಚೀಲದ ಮೇಲೆ ಏನೂ ಇರುತ್ತಿರಲಿಲ್ಲ. ಒಳಗಿನ ಬಟ್ಟೆಯ ಮೂಲೆಗೆ ನೀಲಿ ದಾರದ ಹೊಲಿಗೆ, ಆಸ್ಪತ್ರೆಯ ಬಟ್ಟೆಯೊಂದಿಗೆ ಬೆರೆಯದಿರಲೆಂದು. ಹೋದ ವರ್ಷ ವಾರಕ್ಕೊಂದು ಬರುತ್ತಿತ್ತು. ಈಗ ಗೋಡೆಗೆ ಒಟ್ಟಿದರೆ ಕಿಟಕಿ ಮುಚ್ಚುವಷ್ಟು.

‘ಇದ್ಯಾವ ಆಸ್ಪತ್ರೆದು?’ ಎಂದು ದೊಡ್ಡಕ್ಕ ಕೇಳಿದ್ದಳು.

‘ಕಲೆ ತೆಗಿ. ಊರು ಕೇರಿ ವಿಚಾರಿಸಬೇಡ,’ ಎಂದಿದ್ದ ಮೇಸ್ತ್ರಿ.

ವಿಚಿತ್ರ ಕಲೆಗಳು. ರೋಗಿಯ ಬಟ್ಟೆಯಲ್ಲಿ ಕಲೆ ನಡುವೆ ಇರುತ್ತದೆ. ಇದರಲ್ಲಿ ಅಂಚಿನಲ್ಲಿತ್ತು, ಯಾರೋ ಮುಷ್ಟಿ ಕಟ್ಟಿ ಬಟ್ಟೆ ಹಿಡಿದುಕೊಂಡ ಕಡೆ. ಸಣ್ಣ ಸಣ್ಣ ಕಂದು ಚುಕ್ಕೆಗಳು, ಸಾಲಾಗಿ. ಒಂದು ಬಟ್ಟೆಯನ್ನಂತೂ ಅವಳು ಮೂರು ಸಲ ಅದ್ದಿದಳು. ಚುಕ್ಕೆ ಮಾಸಿತೇ ಹೊರತು ಹೋಗಲಿಲ್ಲ.

*

ಲಾಂಡ್ರಿಯ ಎದುರಿನ ಕಟ್ಟೆಯ ಮೇಲೆ ಒಬ್ಬ ಹೆಂಗಸು ಬಂದು ಕೂರತೊಡಗಿದ್ದು ಆಗಲೇ. ಕಾನೂನು ಕಾಲೇಜಿನ ಪ್ರೊಫೆಸರು. ವಲಸೆ ಬಂದವರ ಹಕ್ಕು, ಬಣ್ಣದ ಸಮಾನತೆ, ಇವರು ಜೀವಮಾನವಿಡೀ ಬರೆದದ್ದು ಇದರ ಮೇಲೇ. ಇವರೂ ಕಪ್ಪಗಿನವರು, ಆದರೆ ಈ ನಾಡಿನಲ್ಲೇ ಹುಟ್ಟಿದವರು. ಪಾಳಿ ಮುಗಿಸಿ ಬಂದವರ ಪಕ್ಕದಲ್ಲಿ ಕೂತು, ‘ನಿಮ್ಮ ಕೈ ನೋಡಬಹುದಾ?’ ಎಂದು ಕೇಳುತ್ತಿದ್ದರು. ಕೆಲಸದವರು ಅವರಿಗೆ ಬೆರಳು ಮೇಡಂ ಎಂದು ಹೆಸರಿಟ್ಟರು.

ಇಸ್ತ್ರಿ ಚಿಕ್ಕಮ್ಮನಿಗೆ ಯಾರ ಮುಲಾಜೂ ಇಲ್ಲ. ಬಿಸಿ ರೋಲರಿಗೆ ಬಟ್ಟೆ ಕೊಡುವ ಕೆಲಸ, ಮಾತೂ ಹಾಗೇ. ‘ಏನ್ ಮೇಡಂ, ಕೈ ನೋಡಿ ಭವಿಷ್ಯ ಹೇಳ್ತೀರಾ? ನನಗೆ ಇನ್ನೊಬ್ಬ ಗಂಡ ಇದ್ದಾನಾ ನೋಡಿ. ಇದ್ದರೆ ಬೇಡ ಅಂತ ಹೇಳಿಬಿಡಿ.’

‘ನಿಮ್ಮ ಕೈಯಲ್ಲಿ ಓದೋಕೆ ಏನೂ ಉಳಿದಿಲ್ಲಮ್ಮ,’ ಎಂದರು ಮೇಡಂ.

ಚಿಕ್ಕಮ್ಮ ಕೈ ಹಿಂದಕ್ಕೆಳೆದುಕೊಂಡಳು. ಆಮೇಲೆ ಜೋರಾಗಿ ನಕ್ಕಳು. ‘ಬಾಯಿ ಇದೆ ಈ ಹೆಂಗಸಿಗೆ. ಕೂತ್ಕೊಳ್ಳಿ.’

ದೊಡ್ಡಕ್ಕ ದಿನಗಟ್ಟಲೆ ದೂರದಲ್ಲೇ ಇದ್ದಳು. ಅವಳ ನವೀಕರಣದ ದಿನ ಹತ್ತಿರವಾಗುತ್ತಿತ್ತು. ಒಂದು ಸಂಜೆ ತಾನಾಗಿ ಬಂದು ಕೂತಳು.

‘ಪುಸ್ತಕ ಬರೀತೀರಂತೆ.’

‘ಹೌದು.’

‘ಬರೆದು ಏನಾಯ್ತು?’

ಮೇಡಂ ತಡವರಿಸಲಿಲ್ಲ. ‘ಕಾಲೇಜಿನಲ್ಲಿ ನನ್ನ ಕೋಣೆ ಕೆಳಗೆ ಉಗ್ರಾಣದ ಪಕ್ಕಕ್ಕೆ ಹೋಯ್ತು. ನನ್ನ ಪಾಠದಲ್ಲಿ ಕೊನೇ ಬೆಂಚಿಗೆ ಒಬ್ಬ ಬಂದು ಕೂರ್ತಾನೆ. ಅವನು ವಿದ್ಯಾರ್ಥಿಯಲ್ಲ.’

‘ನಮಗೇನಾಯ್ತು ಅಂತ ಕೇಳಿದ್ದು.’

‘ಏನೂ ಆಗಲಿಲ್ಲ.’ ಮೇಡಂ ಚಪ್ಪಲಿಯ ತುದಿಯಿಂದ ನೆಲ ಕೆದಕಿದರು. ‘ನೋಡಿ, ಆ ನಿಯಮದಲ್ಲಿ ಬಣ್ಣದ ಮಾತೇ ಇಲ್ಲ. ಎಲ್ಲರಿಗೂ ಒಂದೇ ಗಾಜು, ಒಂದೇ ದೀಪ. ಬ್ಯಾಂಕಿನಲ್ಲಿ ಕೂತು ಕೆಲಸ ಮಾಡೋ ಹೊರನಾಡಿನವನಿಗೆ ಹಸಿರು ಬರುತ್ತೆ, ನಿಮಗೆ ಕೆಂಪು. ಬ್ಯಾಂಕಿಗೆ ಯಾವ ಬಣ್ಣದವರನ್ನ ತಗೊಳ್ತಾರೆ, ತೊಟ್ಟಿಗೆ ಯಾವ ಬಣ್ಣದವರನ್ನ ಇಳಿಸ್ತಾರೆ, ಅದು ಮೊದಲೇ ತೀರ್ಮಾನ ಆಗಿರುತ್ತೆ. ನಿಯಮ ಆಮೇಲೆ ಬಂದು ಕೈ ಕಟ್ಟಿ ನಿಂತ್ಕೊಳ್ಳುತ್ತೆ, ನಾನೇನೂ ಮಾಡಲಿಲ್ಲ ಅಂತ. ನಾನು ಬರೆದಿರೋದು ಇದನ್ನೇ.’

‘ಜಡ್ಜಿಗೆ ಹೇಳಿ ಮತ್ತೆ.’

‘ಹೇಳಿದೆ. ಬರಹ ಚೆನ್ನಾಗಿದೆ ಅಂದರು. ಆದರೆ ಅನ್ಯಾಯ ಆದವರು ಎಲ್ಲಿ, ಎದುರಿಗೆ ಬರಲಿ ಅಂದರು. ಬರೋರು ಯಾರು? ಕೆಂಪು ಬಂದವರೆಲ್ಲ ಅಲ್ಲೇ ತಪ್ಪೊಪ್ಪಿಗೆಗೆ ಹೆಬ್ಬೆಟ್ಟು ಒತ್ತಿದ್ದಾರೆ. ಒಪ್ಪಿಕೊಂಡ ಮೇಲೆ ವಿಚಾರಣೆ ಇಲ್ಲ, ಜಡ್ಜ್ ಇಲ್ಲ. ಬೆರಳಿಗೆ ಏನೂ ಮಾಡಿಕೊಳ್ಳದೆ, ಇದ್ದ ಹಾಗೇ ಹೋಗಿ, ಒಪ್ಪಲ್ಲ ಅನ್ನೋರು ಒಬ್ಬರು ಬೇಕು. ಆ ತಪ್ಪೊಪ್ಪಿಗೆ ಹಾಳೆ ಮೇಲೆ ಒಪ್ಪಲ್ಲ ಅಂತ ಅವರ ಕೈಯಲ್ಲೇ ಒಂದು ಮಾತು ಬಿದ್ದರೆ ಸಾಕು, ಹಾಳೆ ಜಡ್ಜ್ ಮುಂದೆ ಹೋಗಲೇಬೇಕು.’

‘ಅಂದ್ರೆ ನಿಮ್ಮ ಪುಸ್ತಕಕ್ಕೆ ನಾನು ಬೇಕು.’

‘ಹೌದು.’

‘ಒಪ್ಪದೆ ಇದ್ದರೆ ನನ್ನನ್ನೇನು ಮಾಡ್ತಾರೆ?’

‘ಒಳಗೆ ಹಾಕ್ತಾರೆ. ಎಷ್ಟು ದಿನ ಅಂತ ಗೊತ್ತಿಲ್ಲ. ಸುಳ್ಳು ಹೇಳಲ್ಲ ನಾನು. ಹೊರಗೆ ನಿಂತು ಬಡಿದಾಡ್ತೀನಿ.’

‘ನೀವು ಹೊರಗೆ,’ ಎಂದಳು ದೊಡ್ಡಕ್ಕ. ಎದ್ದು ಸೀರೆ ಕೊಡವಿಕೊಂಡಳು. ‘ನನಗೊಬ್ಬಳು ಮಗಳಿದ್ದಾಳೆ ಮೇಡಂ. ಬೇರೆ ಯಾರನ್ನಾದರೂ ನೋಡಿಕೊಳ್ಳಿ.’

ಅವಳ ಹಿಂದೆ ಮೇಡಂ ಬರಲಿಲ್ಲ, ಒತ್ತಾಯಿಸಲಿಲ್ಲ. ಮರುದಿನವೂ ಅದೇ ಕಟ್ಟೆಯ ಮೇಲೆ ಕೂತಿದ್ದರು. ರಸ್ತೆಯ ಆಚೆ ಒಂದು ವ್ಯಾನು ನಿಂತಿತ್ತು. ಒಳಗಿದ್ದವನು ಸೀಟು ಹಿಂದಕ್ಕೆ ಚಾಚಿ ಒರಗಿದ್ದ. ಕಣ್ಣು ಮುಚ್ಚಿರಲಿಲ್ಲ.

*

ಮೇಸ್ತ್ರಿ ದೊಡ್ಡಕ್ಕನನ್ನು ಚೀಲಗಳ ಮರೆಗೆ ಕರೆದ.

‘ಕಚೇರಿ ಕಡೆ ತಲೆ ಹಾಕಬೇಡ. ಕೆಂಪೇ ಬರೋದು, ನಿನಗೂ ಗೊತ್ತು. ಪರವಾನಗಿ ಮುಗಿದರೆ ಮುಗೀಲಿ. ಹಿಂದಿನ ಬಾಗಿಲಿಂದ ಬಾ. ಕೂಲಿ ಅರ್ಧ. ಬಾಯಿಗೆ ಬೀಗ ಹಾಕ್ಕೊಂಡಿರು.’

‘ಇದು ನಿಮ್ಮ ಮಾತಾ ಅಣ್ಣಾ, ಕಂಪನಿ ಮಾತಾ?’

‘ಮಾತು ಯಾರದ್ದಾದರೇನು? ಹೊಟ್ಟೆ ನಿಂದು.’ ಅವನು ದನಿ ತಗ್ಗಿಸಿದ. ‘ನಿನ್ನೊಬ್ಬಳಿಗೇ ಹೇಳ್ತಿಲ್ಲ. ಹಿಂದಿನ ಬಾಗಿಲವರು ಈಗ ಮುಂದಿನ ಬಾಗಿಲವರಿಗಿಂತ ಜಾಸ್ತಿ ಇದ್ದಾರೆ. ಕಂಪನಿಗೆ ಈ ನಿಯಮದ ಮೇಲೆ ಬೇಜಾರೇನೂ ಇಲ್ಲ.’

ಆಗಬಹುದು ಎಂದು ದೊಡ್ಡಕ್ಕನ ನಾಲಿಗೆಯ ತುದಿಗೆ ಬಂದಿತ್ತು. ಅರ್ಧ ಕೂಲಿಯಾದರೂ ಕೂಲಿಯೇ. ಮಗಳು ಕಣ್ಣೆದುರಿಗೆ ಇರುತ್ತಾಳೆ.

‘ಮಗಳೂ ಬೆಳೀತಿದ್ದಾಳಲ್ಲ,’ ಎಂದ ಮೇಸ್ತ್ರಿ, ಒಳ್ಳೆಯದು ಮಾಡುತ್ತಿರುವ ದನಿಯಲ್ಲಿ. ‘ರಜೆಯಲ್ಲಿ ಕರ್ಕೊಂಡು ಬಾ. ಎಳೇ ಬೆರಳು, ಕಲೆ ಬೇಗ ಹುಡುಕತ್ತೆ.’

ಆ ಸಂಜೆ ದೊಡ್ಡಕ್ಕ ಮನೆಯಲ್ಲಿ ದೀಪದ ಕೆಳಗೆ ಕೂತು ಮಗಳ ಕೈ ಹಿಡಿದು ನೋಡಿದಳು. ಹೆಬ್ಬೆರಳಲ್ಲಿ ಒಂದು ಸುಳಿ. ತೋರುಬೆರಳಲ್ಲಿ ಬಿಲ್ಲಿನಂಥ ಬಾಗು. ಗರ್ಭದಲ್ಲಿ ಮೂರನೇ ತಿಂಗಳಿಗೆ ಮೂಡಲು ತೊಡಗುವ ಗೆರೆಗಳು. ಇನ್ನೊಬ್ಬರದನ್ನು ಹೋಲದವು. ತನ್ನ ಹೊಟ್ಟೆಯೊಳಗೇ ಮೂಡಿದವು.

‘ಅಮ್ಮಾ, ಇವತ್ತು ಸ್ಕೂಲಿಗೆ ಮೆಷಿನ್ ತಂದಿದ್ದರು,’ ಎಂದಳು ಮಗಳು. ‘ನಮ್ಮ ಬಣ್ಣದವರನ್ನ ಮಾತ್ರ ಸಾಲಾಗಿ ನಿಲ್ಲಿಸಿದರು. ಸುಮ್ಮನೆ ಅಭ್ಯಾಸಕ್ಕಂತೆ. ನಂದು ಹಸಿರು ಬಂತು!’

ಹೆಮ್ಮೆಯಿಂದ ಹೇಳಿದಳು. ಬಹುಮಾನ ಬಂದ ಹಾಗೆ.

ದೊಡ್ಡಕ್ಕ ಆ ಬೆರಳನ್ನು ಒಂದೊಂದಾಗಿ ಮಡಿಸಿ, ಮುಷ್ಟಿ ಮಾಡಿ, ಮುಷ್ಟಿಯನ್ನು ತನ್ನ ಎರಡೂ ಕೈಯೊಳಗೆ ಮುಚ್ಚಿದಳು. ಬೆಳಗ್ಗೆ ಮಗಳ ಬಟ್ಟೆ ಗಂಟು ಕಟ್ಟಿ ಇಸ್ತ್ರಿ ಚಿಕ್ಕಮ್ಮನ ಬಾಗಿಲಿಗೆ ಒಯ್ದಳು.

‘ಎಷ್ಟು ದಿನಕ್ಕೆ?’ ಎಂದಳು ಚಿಕ್ಕಮ್ಮ.

‘ಗೊತ್ತಿಲ್ಲ.’

ಚಿಕ್ಕಮ್ಮನ ಬಾಯಲ್ಲಿ ಅವತ್ತು ಜೋಕು ಬರಲಿಲ್ಲ. ಗಂಟು ಇಸಿದುಕೊಂಡಳು. ‘ತೊಟ್ಟಿ ಹತ್ತಿರ ಬಿಡಲ್ಲ ಇವಳನ್ನ. ನನ್ನಾಣೆ, ಹೋಗು.’

*

ವಲಸೆ ಕಚೇರಿಯ ಕೋಣೆ ಚೊಕ್ಕಟವಾಗಿತ್ತು. ಮೇಜಿನ ಮೇಲೆ ಗಾಜಿನ ಯಂತ್ರ, ಒಂದು ಮಸಿಯ ಡಬ್ಬಿ. ಪೆನ್ನು ಎಲ್ಲೂ ಇರಲಿಲ್ಲ. ಬಾಗಿಲಲ್ಲೇ ಎಲ್ಲರ ಪೆನ್ನು, ಚೀಲ ತೆಗೆದಿಡಿಸುತ್ತಿದ್ದರು. ದೊಡ್ಡಕ್ಕ ತಾನೇ ಕಟ್ಟೆಗೆ ಹೋಗಿ ಕರೆದಿದ್ದಳು, ಮೇಡಂ ಜೊತೆಗೆ ಬಂದಿದ್ದರು. ಜೊತೆಯವರು ಗೋಡೆಯ ಪಕ್ಕದ ಕುರ್ಚಿಯಲ್ಲಿ ಸುಮ್ಮನೆ ಕೂರಬಹುದು.

ಅಧಿಕಾರಿ ಎಳೆಯ ವಯಸ್ಸಿನವನು, ಮೃದು ಮಾತಿನವನು. ದೊಡ್ಡಕ್ಕನ ಮುಂದೆ ಒಬ್ಬ ಬಿಳಿ ಗಂಡಸು, ಹೆಂಡತಿಯ ಜೊತೆ. ಬೆರಳಿಟ್ಟ, ಹಸಿರು. ‘ಶುಭದಿನ ಸರ್.’ ಹೋದರು.

‘ಬನ್ನಿ ಅಮ್ಮಾ, ಒತ್ತಿ.’

ಕೆಂಪು.

‘ಸ್ವಲ್ಪ ಗಟ್ಟಿಯಾಗಿ.’

ಕೆಂಪು. ಅವನು ಬಟ್ಟೆಯಿಂದ ಗಾಜು ಒರೆಸಿದ. ಅವಳ ಬೆರಳುಗಳನ್ನೂ ಒರೆಸಿದ, ಒಂದೊಂದಾಗಿ, ಮಗುವಿನ ಕೈ ಒರೆಸುವ ಹಾಗೆ. ತಾನೇ ಹಿಡಿದು ಒತ್ತಿದ. ಕೆಂಪು.

‘ಏನು ಹಚ್ಚಿಕೊಂಡಿರಿ ಅಮ್ಮಾ?’

‘ಏನೂ ಇಲ್ಲ. ಬಟ್ಟೆ ಒಗೀತೀನಿ.’

‘ನಮ್ಮಮ್ಮನೂ ಒಗೀತಾರೆ,’ ಎಂದ ಅವನು. ನಗುತ್ತಲೇ ಒಂದು ಹಾಳೆ ಮುಂದಿಟ್ಟ. ಅಚ್ಚಾಗಿದ್ದ ಹಾಳೆ. ನನ್ನ ಬೆರಳ ಗುರುತನ್ನು ನಾನೇ ಅಳಿಸಿಕೊಂಡಿದ್ದೇನೆ. ಕೆಳಗೆ ಒಂದು ಖಾಲಿ ಚೌಕ. ‘ಇದಕ್ಕೆ ಹೆಬ್ಬೆಟ್ಟು ಒತ್ತಿಬಿಡಿ. ತಂಟೆ ತಕರಾರಿಲ್ಲದೆ ಬೇಗ ಮುಗಿಯುತ್ತೆ.’

ಗೋಡೆಯ ಪಕ್ಕದಿಂದ ಮೇಡಂ ಎದ್ದರು. ‘ಆಕೆಗೆ ಬರೆಯೋಕೆ ಬರುತ್ತೆ. ಪೆನ್ನು ಕೊಡಿ.’

ಅಧಿಕಾರಿ ಅವರತ್ತ ತಿರುಗಿದ. ನಗು ಹಾಗೇ ಇತ್ತು. ‘ಮೇಡಂ, ನೀವೂ ಒಮ್ಮೆ ಬೆರಳಿಡಿ ಬನ್ನಿ.’

‘ನಾನು ಈ ನಾಡಿನ ಪ್ರಜೆ.’

‘ಇಟ್ಟರೆ ಗೊತ್ತಾಗುತ್ತಲ್ಲ.’

ಮೇಡಂ ಬಂದು ಇಟ್ಟರು. ಹಸಿರು.

‘ನೋಡಿದಿರಾ? ನೀವು ಬರೆಯೋದೆಲ್ಲ ಓದ್ತೀನಿ ನಾನು. ಯಂತ್ರಕ್ಕೆ ಬಣ್ಣ ಗೊತ್ತಿಲ್ಲ ಮೇಡಂ.’

‘ಯಂತ್ರಕ್ಕೆ ಗೊತ್ತಿಲ್ಲ,’ ಎಂದರು ಮೇಡಂ. ‘ಈಗಷ್ಟೇ ಗಂಡನ ಜೊತೆ ಒಬ್ಬ ಹೆಂಗಸು ಬಂದು ಹೋದರು. ಜೊತೆಗೆ ಬಂದವರು, ನನ್ನ ಹಾಗೇ. ಅವರನ್ನ ಬೆರಳಿಡಿ ಅನ್ನಲಿಲ್ಲ ನೀವು. ನನ್ನನ್ನ ಅಂದಿರಿ. ಯಂತ್ರದ ಪಕ್ಕ ನಿಂತಿರೋ ನಿಮಗೆ ಬಣ್ಣ ಚೆನ್ನಾಗಿ ಗೊತ್ತು.’

ಅಧಿಕಾರಿ ಗಂಟೆ ಒತ್ತಿದ. ಇಬ್ಬರು ಕಾವಲಿನವರು ಬಂದರು. ಒಬ್ಬ ಮೇಡಂ ಮತ್ತು ಮೇಜಿನ ನಡುವೆ ನಿಂತ. ಇನ್ನೊಬ್ಬ ದೊಡ್ಡಕ್ಕನ ಹಿಂದೆ.

‘ಒತ್ತಿ ಅಮ್ಮಾ. ಎಷ್ಟೋ ಜನ ಒತ್ತಿದ್ದಾರೆ.’

ದೊಡ್ಡಕ್ಕ ಮಸಿಯ ಡಬ್ಬಿ ನೋಡಿದಳು. ಗಾಜು ನೋಡಿದಳು. ‘ಸಾಹೇಬರೇ, ಒಂದು ಕೇಳ್ತೀನಿ. ನನ್ನ ಬೆರಳಲ್ಲಿ ಗುರುತೇ ಇಲ್ಲ ಅಂತೀರಿ. ಗುರುತೇ ಇಲ್ಲದ ಬೆರಳನ್ನ ಈ ಹಾಳೆ ಮೇಲೆ ಒತ್ತಿ ಏನು ಸಿಗುತ್ತೆ ನಿಮಗೆ?’

‘ಇದಕ್ಕೆ ಗೆರೆ ಬೇಡ. ಮಸಿ ಸಾಕು.’

ಅವನು ಅದನ್ನು ಸಹಜವಾಗಿ ಹೇಳಿದ. ಅವನಿಗೆ ಅದರಲ್ಲಿ ಏನೂ ಕಾಣಲಿಲ್ಲ.

ದೊಡ್ಡಕ್ಕನಿಗೆ ಕಂಡಿತು. ಬದುಕಲು ಗೆರೆ ಬೇಕು. ತಪ್ಪೊಪ್ಪಲು ಮಸಿ ಸಾಕು. ಪುಟ್ಟಿ ಗೆರೆಗಾಗಿ ಬೆರಳು ಕೊಯ್ದುಕೊಂಡಿದ್ದಳು. ಅದೇ ಕೊಯ್ದ ಬೆರಳನ್ನು ಹಿಡಿದು ಇಲ್ಲೇ ಮಸಿಗೆ ಅದ್ದಿದ್ದರು. ದೊಡ್ಡಕ್ಕ ಎರಡೂ ಕೈ ಮುಷ್ಟಿ ಕಟ್ಟಿದಳು.

‘ಒತ್ತಲ್ಲ.’

‘ಅಮ್ಮಾ—’

‘ಅಮ್ಮ ಅನ್ನಬೇಡ. ಒತ್ತಲ್ಲ. ನಿಮ್ಮ ಆಸ್ಪತ್ರೆ ಹಾಸಿಗೆ ತೊಳೆದು ಹೋಗಿದ್ದು ಇದು. ನಾನು ಅಳಿಸಿಕೊಂಡಿಲ್ಲ. ನೀವು ತಿಂದಿದ್ದೀರಿ.’

ಕಾವಲಿನವನು ಅವಳ ಮಣಿಕಟ್ಟು ತಿರುಚಿದ. ಹಿಂಡಿ ಹಿಂಡಿ ಗಟ್ಟಿಯಾದ ಕೈ. ಸುಲಭವಾಗಿ ಬಿಚ್ಚಲಿಲ್ಲ. ಅವನು ಕಿರುಬೆರಳಿನಿಂದ ಶುರುಮಾಡಿ ಒಂದೊಂದೇ ಮೀಟಿ ಬಿಡಿಸಿದ. ಕಿರುಬೆರಳು ಲಟಕ್ಕೆಂದಿತು. ದೊಡ್ಡಕ್ಕ ಕೂಗಲಿಲ್ಲ. ಮೇಡಂ ಕೂಗುತ್ತಿದ್ದರು. ಹೆಬ್ಬೆರಳು, ತೋರುಬೆರಳು ಒಟ್ಟಿಗೆ ಮಸಿಯೊಳಗೆ ಮುಳುಗಿದವು. ಕೈಯನ್ನು ಹಾಳೆಯ ಕಡೆ ಎಳೆದರು.

ಅವಳು ಬಿಗಿಯನ್ನು ತಟ್ಟನೆ ಸಡಿಲ ಬಿಟ್ಟಳು. ಎಳೆಯುತ್ತಿದ್ದವನು ಮುಗ್ಗರಿಸಿದ. ಅವನ ಹಿಡಿತದಲ್ಲಿ ಅವಳ ಕೈ ಜಾರಿತು. ಗೆರೆಯಿಲ್ಲದ, ನುಣುಪಾದ, ವರ್ಷಗಟ್ಟಲೆ ಜಾರಿ ಜಾರಿ ರೂಢಿಯಾದ ಕೈ. ಮರುಕ್ಷಣ ಅವಳ ತೋರುಬೆರಳು ಹಾಳೆಯ ಮೇಲಿತ್ತು. ಚೌಕದೊಳಗಲ್ಲ. ಅಚ್ಚಾದ ಸಾಲುಗಳ ಮೇಲೆ, ಅಡ್ಡಕ್ಕೆ, ಮಸಿಯಲ್ಲಿ, ದೊಡ್ಡದಾಗಿ:

ಇಲ್ಲ.

ಅಧಿಕಾರಿ ಹಾಳೆ ಎಳೆದುಕೊಂಡ. ಮಸಿ ಹಸಿಯಾಗಿತ್ತು, ಒರೆಸಿದರೆ ಹರಡುತ್ತಿತ್ತು. ಹಾಳೆಯ ಮೂಲೆಯಲ್ಲಿ ಕ್ರಮಸಂಖ್ಯೆ ಅಚ್ಚಾಗಿತ್ತು. ಹರಿದು ಎಸೆಯುವಂತಿರಲಿಲ್ಲ.

‘ಸಂಖ್ಯೆ ಓದಿಕೊಂಡಿದ್ದೀನಿ,’ ಎಂದರು ಮೇಡಂ ಏದುಸಿರು ಬಿಡುತ್ತ. ‘ಆ ಹಾಳೆ ಜಡ್ಜ್ ಮುಂದೆ ಬರಬೇಕು. ಬರದಿದ್ದರೆ ಎಲ್ಲಿ ಹೋಯ್ತು ಅಂತ ನಾನು ಕೇಳ್ತೀನಿ.’

ಅಧಿಕಾರಿ ಹಾಳೆಯನ್ನು ಒಣಗಲು ಕಿಟಕಿಯ ಬಳಿ ಇಟ್ಟ. ‘ಬರುತ್ತೆ ಮೇಡಂ,’ ಎಂದ. ಈಗ ನಗು ಇರಲಿಲ್ಲ. ‘ಯಾವಾಗ ಅಂತ ನಿಯಮದಲ್ಲಿ ಹೇಳಿಲ್ಲ. ನಿಮ್ಮ ಬೆರಳು ಗುರುತೂ ಈಗ ನಮ್ಮ ಹತ್ತಿರ ಇದೆ. ಮರೀಬೇಡಿ.’

ದೊಡ್ಡಕ್ಕನನ್ನು ಹಿಂದಿನ ಬಾಗಿಲಿಂದ ಕರೆದೊಯ್ದರು. ತಿರುಗಿ ನೋಡಿದಾಗ ಮೇಡಂ ಕೋಣೆಯ ನಡುವೆ ನಿಂತಿದ್ದರು, ಕೈ ಎರಡೂ ಖಾಲಿ.

*

ವ್ಯಾನಿಗೆ ಕಿಟಕಿ ಇರಲಿಲ್ಲ. ತಂಗುಮನೆಯ ಮುಂದೆ ಇಳಿದಾಗ ಇನ್ನೂ ಸಂಜೆಯ ಬೆಳಕಿತ್ತು. ಎತ್ತರದ ಗೋಡೆ, ಉದ್ದದ ಮೊಗಸಾಲೆ. ಕಾವಲಿನ ಹೆಂಗಸು ಮುಂದೆ ನಡೆದಳು. ಬದಿಯ ಕೋಣೆಗಳ ಬಾಗಿಲು ತೆರೆದಿದ್ದವು. ಒಳಗೆ ಸಾಲು ಸಾಲು ಕಬ್ಬಿಣದ ಮಂಚ. ಕೆಲವು ಮಂಚಗಳ ಮೇಲೆ ಹೆಂಗಸರು ಕೂತಿದ್ದರು, ಕೈಗಳನ್ನು ತೊಡೆಯ ಕೆಳಗೆ ಹುದುಗಿಸಿಕೊಂಡು. ಎಲ್ಲರೂ ಒಂದೇ ಬಣ್ಣದವರು. ಪುಟ್ಟಿ ಅವರಲ್ಲಿರಲಿಲ್ಲ.

ಮೊದಲು ಗೊತ್ತಾದದ್ದು ಮೂಗಿಗೆ. ಬಿಳುಪಿನ ನೀರಿನ ವಾಸನೆ. ತನ್ನ ಕೈಯಿಂದ ಬರುತ್ತಿದೆ ಎಂದುಕೊಂಡಳು. ಅಲ್ಲ. ಕೋಣೆಯೇ ಆ ವಾಸನೆಯಿಂದ ತುಂಬಿತ್ತು.

‘ಇದು ನಿಂದು,’ ಎಂದಳು ಕಾವಲಿನವಳು.

ದೊಡ್ಡಕ್ಕ ಮಂಚದ ಮೇಲಿನ ಬಟ್ಟೆಯ ಮೂಲೆ ಮುಟ್ಟಿದಳು. ನೀಲಿ ದಾರದ ಹೊಲಿಗೆ. ಅಂಚನ್ನು ಬೆರಳಲ್ಲಿ ಹಿಡಿದು ನಿಧಾನವಾಗಿ ಸವರುತ್ತ ಬಂದಳು. ಸೊಟ್ಟಗಾದ ಕಿರುಬೆರಳು ಉರಿಯುತ್ತಿತ್ತು. ಉಳಿದವು ಹುಡುಕಿದವು. ತಲೆಯ ಕಡೆ, ಎಡಗಡೆ, ಮುಷ್ಟಿ ಹಿಡಿಯುವಷ್ಟು ಜಾಗದಲ್ಲಿ ಬಟ್ಟೆ ತುಸು ಗಟ್ಟಿ. ಮಾಸಿದ ಸಣ್ಣ ಚುಕ್ಕೆಗಳು, ಸಾಲಾಗಿ.

ಮೂರು ಸಲ ಅದ್ದಿದರೂ ಹೋಗದಿದ್ದದ್ದು.

‘ಇಲ್ಲಿ ಒಬ್ಬಳು ಹುಡುಗಿ ಇದ್ದಳಲ್ಲ,’ ಎಂದಳು. ‘ಬೆರಳು ಕೊಯ್ದುಕೊಂಡವಳು.’

ಕಾವಲಿನವಳು ಅತ್ತ ಮುಖ ಮಾಡಿದಳು. ‘ಇದ್ದವರ ವಿಷಯ ಇಲ್ಲಿ ಯಾರೂ ಕೇಳಲ್ಲ. ಮಲಗಮ್ಮಾ. ಬಟ್ಟೆ ಶುಭ್ರವಾಗಿದೆ.’

‘ಗೊತ್ತು,’ ಎಂದಳು ದೊಡ್ಡಕ್ಕ. ‘ನಾನೇ ಒಗೆದಿದ್ದು.’

ಅವಳು ಮಲಗಲಿಲ್ಲ. ಬಟ್ಟೆಯನ್ನು ಮಂಚದಿಂದ ಕಿತ್ತು ಎಳೆದಳು. ಚುಕ್ಕೆಗಳಿದ್ದ ಅಂಚನ್ನು ಹೊರಗೆ ಬಿಟ್ಟು ಮಡಿಸಿ ಮಡಿಲಲ್ಲಿಟ್ಟುಕೊಂಡು, ಬರಿ ಕಬ್ಬಿಣದ ಮೇಲೆ ಕೂತಳು. ಮಸಿ ಹತ್ತಿದ ಬೆರಳನ್ನು ಒರೆಸಿಕೊಳ್ಳಲಿಲ್ಲ.

ಎದುರಿನ ಗೋಡೆಯುದ್ದಕ್ಕೂ ಖಾಲಿ ಮಂಚಗಳಿದ್ದವು. ಒಂದೊಂದರ ಮೇಲೂ ಹಾಸಿಗೆ ಬಟ್ಟೆ ಬಿಗಿಯಾಗಿ ಹಾಸಿತ್ತು, ಸುಕ್ಕಿಲ್ಲದೆ, ಬೆಳ್ಳಗೆ. ಬರುವವರಿಗಾಗಿ.